ಪೋಖರಾದ ‘ಒಂದೇ ದಿನದಲ್ಲಿ ಎಲ್ಲಾ’ ಟೂರ್: ದುಡ್ಡು ಕೊಡುವ ಮುನ್ನ ಇದನ್ನು ಓದಿ

ನೇಪಾಳದ ಮುಕ್ತಿನಾಥಕ್ಕೆ ಹೊರಟ ನಮ್ಮವರಿಗೆ ಪೋಖರಾದಲ್ಲಿ ಒಂದು ದಿನ ಹೇಗೂ ಖಾಲಿ ಸಿಗುತ್ತದೆ. ಮುಕ್ತಿನಾಥದ ದಾರಿಯಲ್ಲಿರುವ ಜೋಮ್ಸೋಮ್‌ಗೆ ಹೋಗುವ ಸಣ್ಣ ವಿಮಾನ ಹಾರುವುದು ಬೆಳಿಗ್ಗೆ ಮಾತ್ರ. ಬಿಸಿಲೇರಿದ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಆಮೇಲೆ ವಿಮಾನ ಇಲ್ಲ. ಮೋಡ ಕವಿದರೆ ಬೆಳಗಿನದ್ದೂ ರದ್ದು. ಹಾಗಾಗಿ ತಿಳಿದವರು ಒಂದು ದಿನ ಹೆಚ್ಚು ಇಟ್ಟುಕೊಂಡೇ ಹೊರಡುತ್ತಾರೆ. ನಾವೂ ಇಟ್ಟುಕೊಂಡಿದ್ದೆವು. ಜೊತೆಯಲ್ಲಿ ಅತ್ತೆ, ಮಾವ ಇದ್ದರು. ಇಬ್ಬರಿಗೂ ವಯಸ್ಸಾಗಿದೆ, ಮಾವನಿಗೆ ಮಂಡಿ ನೋವು. ಗೈಡ್ ಇದ್ದರೆ ಅನುಕೂಲ ಅಂತ ಲೇಕ್‌ಸೈಡ್‌ನ ಒಂದು ಏಜೆನ್ಸಿಯಲ್ಲಿ ಒಂದು ದಿನದ ಟೂರ್ ಮಾತಾಡಿದೆವು. ನಮ್ಮ ಆ ದಿನ ಹೇಗೆ ಹಾಳಾಯಿತು ಅಂತ ವಿವರವಾಗಿ ಬರೆಯುತ್ತಿದ್ದೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಪೂರ್ತಿ ಓದಿ.

ಏಜೆಂಟ್ ತೋರಿಸಿದ ಪಟ್ಟಿ ದೊಡ್ಡದಿತ್ತು. ಸಾರಂಗಕೋಟ್ ಬೆಟ್ಟದಲ್ಲಿ ಸೂರ್ಯೋದಯ, ಬಿಂಧ್ಯವಾಸಿನಿ ದೇವಸ್ಥಾನ, ಸೇತಿ ನದಿಯ ಕಮರಿ, ಮಹೇಂದ್ರ ಗುಹೆ, ಬಾವಲಿ ಗುಹೆ, ಪರ್ವತ ಮ್ಯೂಸಿಯಂ, ಡೇವಿಸ್ ಫಾಲ್ಸ್, ಗುಪ್ತೇಶ್ವರ ಮಹಾದೇವ ಗುಹೆ, ಶಾಂತಿ ಸ್ತೂಪ, ಕೊನೆಗೆ ಫೇವಾ ಸರೋವರದಲ್ಲಿ ಬೋಟಿಂಗ್. ಕಾರು, ಗೈಡ್, ಊಟ, ಟಿಕೆಟ್ ಎಲ್ಲಾ ಸೇರಿ ‘ಎಂಟು ಸಾವಿರ’. ನೇಪಾಳಿ ರೂಪಾಯಿಯಾ ಅಂತ ನನ್ನ ಗಂಡ ಕೇಳಿದರು. ಹೌದು ಹೌದು ಅಂದ. ಚೀಟಿಯಲ್ಲಿ ಮಾತ್ರ 8000 ಅಂತ ಬರೆದು, ಅದರ ಕೆಳಗೆ ಒಂದು ಗೆರೆ ಎಳೆದು ಕೊಟ್ಟ. ಯಾವ ದೇಶದ ರೂಪಾಯಿ ಅಂತ ಬರೆಯಲಿಲ್ಲ. ಇದು ನೆನಪಿರಲಿ, ಮುಂದೆ ಬರುತ್ತದೆ.

ಬೆಳಿಗ್ಗೆ ಐದಕ್ಕೆ ಕಾರು ಬರಬೇಕಿತ್ತು. ಬಂದಿದ್ದು ಏಳೂವರೆ ದಾಟಿದ ಮೇಲೆ. ಹಿಂದಿನ ಸೀಟಿನಲ್ಲಿ ಯಾರದೋ ಮಂಕಿ ಕ್ಯಾಪ್, ಅರ್ಧ ತಿಂದ ಬಿಸ್ಕೆಟ್ ಪೊಟ್ಟಣ. ಡ್ರೈವರ್ ಪಾಪದವನು. ಬೇರೆ ಒಂದು ಪಾರ್ಟಿಯನ್ನು ಸೂರ್ಯೋದಯಕ್ಕೆ ಕರೆದುಕೊಂಡು ಹೋಗಿ, ವಾಪಸ್ ಬಿಟ್ಟು ಈಗ ಬರುತ್ತಿದ್ದೇನೆ ಅಂತ ಇದ್ದದ್ದನ್ನು ಹೇಳಿಬಿಟ್ಟ. ಒಂದೇ ಕಾರು, ಒಂದೇ ಬೆಳಗನ್ನು ಇಬ್ಬರಿಗೆ ಮಾರಿದ್ದರು. ನಾವು ಸಾರಂಗಕೋಟ್ ತಲುಪುವಾಗ ಬಿಸಿಲು ಏರಿ, ಬೆಟ್ಟದ ಸಾಲಿಗೆ ಮೋಡ ಹತ್ತಿತ್ತು. ಅಕ್ಟೋಬರ್, ನವೆಂಬರ್‌ನಲ್ಲೂ ಅಲ್ಲಿ ಹಿಮಶಿಖರ ಚೆನ್ನಾಗಿ ಕಾಣುವುದು ನಸುಕಿನಲ್ಲೇ. ಹೊತ್ತೇರಿದಂತೆ ಮೋಡ ಮೇಲಕ್ಕೆ ಬರುತ್ತದೆ. ಪೋಖರಾ ಊರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ, ಅಲ್ಲಿಂದ ಎದುರಿಗೇ 6,993 ಮೀಟರ್‌ನ ಮಚ್ಛಪುಛ್ರೆ. ಆ ನೋಟಕ್ಕಾಗಿಯೇ ಜನ ದೂರದಿಂದ ಬರುತ್ತಾರೆ. ನಮ್ಮ ಅತ್ತೆ ಅದನ್ನು ನೋಡಲೆಂದೇ ಮೂರು ಗಂಟೆಗೆ ಎದ್ದು ಸ್ನಾನ ಮಾಡಿ ಕೂತಿದ್ದರು.

ಗೈಡ್ ಅಂತ ಬಂದವನಿಗೆ ಊರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಮೋಡದ ಕಡೆ ಕೈ ತೋರಿಸಿ, ಮಚ್ಛಪುಛ್ರೆಯನ್ನು ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಹತ್ತಿದ್ದಾನೆ ಅಂದ. ಆ ಶಿಖರ ಶಿವನ ಸ್ಥಾನ ಅಂತ ಅಲ್ಲಿನ ಜನ ನಂಬುತ್ತಾರೆ, ಅದನ್ನು ಹತ್ತಲು ಅನುಮತಿಯನ್ನೇ ಕೊಡುವುದಿಲ್ಲ. 1957ರಲ್ಲಿ ಹೋದ ಬ್ರಿಟಿಷ್ ತಂಡ ಕೂಡ ತುದಿಗೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ನಿಂತು ವಾಪಸ್ ಬಂದಿತ್ತು. ಅನ್ನಪೂರ್ಣಾವನ್ನು ಮೊದಲು ಹತ್ತಿದ್ದು ತೇನ್‌ಸಿಂಗ್ ಅಂತಲೂ ಹೇಳಿದ. 1950ರಲ್ಲಿ ಫ್ರೆಂಚರು, ಹರ್ಜೋಗ್ ಮತ್ತು ಲಾಷೆನಾಲ್, ಹತ್ತಿದ್ದು. ಎಂಟು ಸಾವಿರ ಮೀಟರ್ ದಾಟಿದ ಶಿಖರಗಳಲ್ಲಿ ಮನುಷ್ಯ ಮೊದಲು ಹತ್ತಿದ್ದೇ ಅದು. ಪೋಖರಾದ ಪರ್ವತ ಮ್ಯೂಸಿಯಂಗೆ ಒಮ್ಮೆ ಹೋಗಿದ್ದರೆ ಸಾಕು, ಇದೆಲ್ಲ ಗೊತ್ತಿರುತ್ತದೆ. ನನ್ನ ಗಂಡ ಗೈಡ್ ಲೈಸೆನ್ಸ್ ಕಾರ್ಡ್ ತೋರಿಸಪ್ಪ ಅಂದರು. ಮನೆಯಲ್ಲಿದೆ ಅಂದ. ಕಾರಿನ ನಂಬರ್ ಪ್ಲೇಟ್ ಕೆಂಪು ಬಣ್ಣದ್ದು. ಅಲ್ಲಿ ಕೆಂಪು ಪ್ಲೇಟ್ ಅಂದರೆ ಸ್ವಂತ ವಾಹನ, ಬಾಡಿಗೆಗೆ ಓಡಿಸುವಂತಿಲ್ಲ. ಬಾಡಿಗೆಯವು ಕಪ್ಪು, ಪ್ರವಾಸಿ ವಾಹನಗಳು ಹಸಿರು. ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್ ಕೇಳುವುದು ಯಾರನ್ನು?

ಬಾವಲಿ ಗುಹೆಯಲ್ಲಿ ಆಗಿದ್ದನ್ನು ನೆನೆಸಿಕೊಂಡರೆ ಈಗಲೂ ಕೋಪ ಬರುತ್ತದೆ. ಊರಿನ ಉತ್ತರಕ್ಕೆ, ಬಾಟುಲೇಚೌರ್ ಕಡೆ ಮಹೇಂದ್ರ ಗುಹೆಯ ಹತ್ತಿರವೇ ಇದೆ ಅದು. ‘ಒಳಗೆ ನೇರ ದಾರಿ, ಹತ್ತು ನಿಮಿಷ, ಆಚೆ ಕಡೆ ಹೊರಗೆ ಬರುತ್ತೀರಿ’ ಅಂತ ಹೇಳಿ ಗೈಡ್ ಬಾಗಿಲಲ್ಲೇ ಸಿಗರೇಟ್ ಹಚ್ಚಿಕೊಂಡು ನಿಂತ. ನಾವು ಮೊಬೈಲ್ ಬೆಳಕಿನಲ್ಲಿ ಒಳಗೆ ಹೋದೆವು. ಗೋಡೆಯೆಲ್ಲ ಒದ್ದೆ, ಕಾಲಡಿ ಜಾರುತ್ತಿತ್ತು, ತಲೆಯ ಮೇಲೆ ಸಾಲು ಸಾಲು ಬಾವಲಿ. ಆಚೆ ಕಡೆ ಹೊರಗೆ ಬರುವ ದಾರಿ ಅಂದರೆ ಏನು ಗೊತ್ತಾ? ಬಂಡೆಗಳ ನಡುವಿನ ಒಂದು ಕಿರಿದಾದ ಕಿಂಡಿ. ಮೈ ತೂರಿಸಿಕೊಂಡು, ಕೈಕಾಲು ಊರಿ ಮೇಲಕ್ಕೆ ಹತ್ತಬೇಕು. ಹುಡುಗರಿಗೆ ಅದೇ ಖುಷಿ. ಮಂಡಿ ನೋವಿನ ಮಾವ ಅಲ್ಲಿಯವರೆಗೆ ಬಂದು, ಮೇಲೆ ನೋಡಿ, ಹೆದರಿ ಗೋಡೆ ಹಿಡಿದು ನಿಂತುಬಿಟ್ಟರು. ಹಿಂದಿನಿಂದ ಬೇರೆ ಗುಂಪು ತಳ್ಳುತ್ತಿದೆ. ಅಷ್ಟರಲ್ಲಿ ಇನ್ನೊಂದು ಗುಂಪಿನ ಗೈಡ್, ಒಬ್ಬ ಚಿಕ್ಕ ಹುಡುಗ, ‘ಬುವಾ (ಅಪ್ಪಾ), ಬನ್ನಿ’ ಅಂತ ಮಾವನ ಕೈ ಹಿಡಿದು ಬಂದ ದಾರಿಯಲ್ಲೇ ನಿಧಾನವಾಗಿ ಹೊರಗೆ ಕರೆದುಕೊಂಡು ಬಂದ. ಬಂದ ದಾರಿಯಲ್ಲೇ ವಾಪಸ್ ಹೋಗಬಹುದು ಅನ್ನುವ ಒಂದು ಮಾತನ್ನು ನಮ್ಮ ಗೈಡ್ ಮೊದಲೇ ಹೇಳಿದ್ದರೆ ಆ ಹೆದರಿಕೆಯೇ ಇರುತ್ತಿರಲಿಲ್ಲ. ಒಳ್ಳೆಯ ಗೈಡ್ ಬೇಕಾಗುವುದು ಇಂಥ ಕಡೆಯೇ ಅಲ್ವಾ?

ಬಿಂಧ್ಯವಾಸಿನಿಯಲ್ಲಿ ಅರ್ಚನೆ ಮಾಡಿಸಲೂ ಬಿಡದೆ ಅವಸರ ಮಾಡಿದ. ಸೇತಿ ಕಮರಿಯನ್ನು ಸೇತುವೆ ದಾಟುವಾಗ ಕಾರಿನ ಕಿಟಕಿಯಿಂದಲೇ ತೋರಿಸಿದ. ಸುಣ್ಣದ ಕಲ್ಲಿನ ನಾಡಿನಿಂದ ಹರಿದು ಬರುವ ನದಿ ಅದು, ನೀರು ಹಾಲಿನ ಬಣ್ಣ. ಊರಿನ ನಡುವೆಯೇ ಕಿರಿದಾದ ಕಮರಿಯ ಆಳದಲ್ಲಿ ಮಾಯವಾಗುತ್ತದೆ. ನಿಂತು ಬಗ್ಗಿ ನೋಡಬೇಕಾದ ಜಾಗ. ಕಾರಿನಿಂದ ಏನೂ ಕಾಣುವುದಿಲ್ಲ.

ಇಷ್ಟೆಲ್ಲ ಅವಸರ ಏಕೆ ಅಂತ ಮಧ್ಯಾಹ್ನ ಗೊತ್ತಾಯಿತು. ಪಟ್ಟಿಯಲ್ಲಿ ಇಲ್ಲದ ಅಂಗಡಿಗಳಿಗೆ ಹೊತ್ತು ಉಳಿಸಬೇಕಿತ್ತು. ಮೊದಲು ಪಶ್ಮಿನಾ ಶಾಲಿನ ಅಂಗಡಿ. ಅದು ಹೋಗಲಿ, ಬೇಡ ಅಂದು ಎದ್ದು ಬರಬಹುದು. ಆಮೇಲೆ ಕರೆದುಕೊಂಡು ಹೋದದ್ದು ಸಾಲಿಗ್ರಾಮ, ರುದ್ರಾಕ್ಷಿ ಮಾರುವ ಕಡೆಗೆ. ನಾವು ಕರ್ನಾಟಕದವರು ಅಂತ ಗೈಡ್ ಮೊದಲೇ ಫೋನಿನಲ್ಲಿ ತಿಳಿಸಿದ್ದ ಅಂತ ಕಾಣುತ್ತದೆ. ಒಳಗೆ ಹೋಗುತ್ತಿದ್ದಂತೆ ಅಂಗಡಿಯವನು ‘ನಮಸ್ಕಾರ, ಉಡುಪಿ? ಮಂತ್ರಾಲಯ?’ ಅಂದ. ಕೆಂಪು ಬಟ್ಟೆ ಹಾಸಿದ ತಟ್ಟೆಯಲ್ಲಿ ಕಪ್ಪು ಕಲ್ಲುಗಳು. ಒಂದನ್ನು ಎತ್ತಿ ಇದು ಲಕ್ಷ್ಮೀನರಸಿಂಹ, ಮನೆಯಲ್ಲಿದ್ದರೆ ಹೀಗೆ ಒಳ್ಳೆಯದಾಗುತ್ತದೆ, ಬಿಟ್ಟು ಹೋದರೆ ದೋಷ ಅಂತ ಶುರು ಮಾಡಿದ. ಬೆಲೆ ‘ಹದಿನೈದು ಸಾವಿರ’.

ನಮ್ಮ ಮನೆಯಲ್ಲಿ ಮಾವ ದಿನವೂ ಸಾಲಿಗ್ರಾಮ ಪೂಜೆ ಮಾಡುವವರು. ಅವರ ಅಜ್ಜನ ಕಾಲದಿಂದ ಬಂದ ಸಂಪುಟ ಅದು. ಅವರು ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ತಟ್ಟೆಯಿಂದ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಮೂರನ್ನೂ ಪಕ್ಕ ಪಕ್ಕ ಇಟ್ಟು ನನ್ನ ಕಡೆ ತಿರುಗಿ, ‘ನೋಡಮ್ಮ ಇಲ್ಲಿ’ ಅಂದರು. ಮೂರರಲ್ಲೂ ಚಕ್ರದ ಎಡಗಡೆ ಒಂದೇ ಜಾಗದಲ್ಲಿ ಒಂದೇ ಉದ್ದದ ಬಿರುಕು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರು. ತೂಕವೂ ಕಮ್ಮಿ. ಕಲ್ಲಾದರೆ ಕೈಗೆ ತಣ್ಣಗೆ ಹತ್ತಬೇಕು, ಇದು ಹಿಡಿದ ಕೂಡಲೇ ಬೆಚ್ಚಗಾಯಿತು ಅಂದರು ಮಾವ.

ನಿಜವಾದ ಸಾಲಿಗ್ರಾಮ ಸಿಗುವುದು ಕಾಳಿ ಗಂಡಕಿಯ ಪಾತ್ರದಲ್ಲಿ, ಮುಸ್ತಾಂಗ್ ಕಡೆ. ವಜ್ರಕೀಟ ಕೊರೆದ ಚಕ್ರ ಅಂತ ನಮ್ಮಲ್ಲಿ ಹೇಳುತ್ತಾರೆ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಅಮೊನೈಟ್ ಎಂಬ ಜೀವಿಯ ಪಳೆಯುಳಿಕೆ ಅಂತ ಭೂವಿಜ್ಞಾನದವರು ಹೇಳುತ್ತಾರೆ. ಹೇಗೆ ನೋಡಿದರೂ ಒಂದರಂತೆ ಇನ್ನೊಂದು ಇರುವುದಿಲ್ಲ. ನಾವು ಏಳುವ ಹೊತ್ತಿಗೆ ಪಕ್ಕದಲ್ಲಿ ಉತ್ತರ ಕರ್ನಾಟಕದ ಕಡೆಯ ಒಬ್ಬ ವಯಸ್ಸಾದ ದಂಪತಿ ಆಗಲೇ ದುಡ್ಡು ಕೊಟ್ಟು, ಕಲ್ಲನ್ನು ಹೊಸ ರೇಷ್ಮೆ ಬಟ್ಟೆಯಲ್ಲಿ ಸುತ್ತಿಸಿಕೊಳ್ಳುತ್ತಿದ್ದರು. ಮಾವ ಹೋಗಿ ಮೆಲ್ಲಗೆ ವಿಷಯ ಹೇಳಿದರು. ಆ ಅಜ್ಜಿಯ ಮುಖ ನೋಡಲಾಗಲಿಲ್ಲ. ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ, ಬದಲಿಗೆ ರುದ್ರಾಕ್ಷಿ ಸರ ತಗೊಳ್ಳಿ ಅಂದ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಯಾತ್ರೆಗೆ ಬಂದವರಿಗೆ ಹೀಗೆ ಮಾಡುವುದು ಮಹಾಪಾಪ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಅನ್ನುವ ಮಾತು ನಮ್ಮ ಹಿರಿಯರಲ್ಲಿ ಇದೆ. ದಯವಿಟ್ಟು ಪೋಖರಾದ ಅಂಗಡಿಯಲ್ಲಿ, ಅದೂ ಗೈಡ್ ಕರೆದುಕೊಂಡು ಹೋದ ಅಂಗಡಿಯಲ್ಲಿ, ಸಾಲಿಗ್ರಾಮ ಕೊಳ್ಳಲೇಬೇಡಿ.

ಮ್ಯೂಸಿಯಂ ನೋಡಲು ಹೊತ್ತಿಲ್ಲ ಅಂದ. ಡೇವಿಸ್ ಫಾಲ್ಸ್‌ನಲ್ಲಿ ಟಿಕೆಟ್ ನಿಮ್ಮದೇ ಅಂದ. ಫೇವಾದಲ್ಲಿ ಬಾರಾಹಿ ಘಾಟ್‌ನ ದೋಣಿ ಟಿಕೆಟ್ ಕೌಂಟರ್‌ಗೆ ಹೋಗದೆ, ಪಕ್ಕದ ಇನ್ನೆಲ್ಲೋ ಒಂದು ದಡಕ್ಕೆ ಕರೆದುಕೊಂಡು ಹೋದ. ಅಲ್ಲಿ ಹಳೆಯ ದೋಣಿ, ಲೈಫ್ ಜಾಕೆಟ್ ಇಲ್ಲ, ಬಾಡಿಗೆ ಮಾತ್ರ ಜಾಸ್ತಿ. ಅತ್ತೆ ಖಡಾಖಂಡಿತವಾಗಿ ಹತ್ತುವುದಿಲ್ಲ ಅಂದರು, ನಾವೂ ಹತ್ತಲಿಲ್ಲ. ಆಳವಾದ ಸರೋವರ ಅದು, ಅಲ್ಲಿ ಜೀವ ಹೋದ ಉದಾಹರಣೆಗಳಿವೆ. ಕೌಂಟರ್‌ನಲ್ಲಿ ದರದ ಬೋರ್ಡ್ ಇರುತ್ತದೆ, ಜಾಕೆಟ್ ಕೊಡುತ್ತಾರೆ, ದ್ವೀಪದ ತಾಲ್ ಬಾರಾಹಿ ದೇವಸ್ಥಾನಕ್ಕೆ ಹೋಗಿ ಬರುವ ದೋಣಿಯೂ ಅಲ್ಲೇ ಸಿಗುತ್ತದೆ. ಶಾಂತಿ ಸ್ತೂಪಕ್ಕೆ ಹೋಗುವಷ್ಟರಲ್ಲಿ ಕತ್ತಲಾಗುತ್ತದೆ ಅಂತ ಅದನ್ನೂ ಬಿಟ್ಟ.

ಹೋಟೆಲ್ ಮುಂದೆ ಇಳಿಯುವಾಗ ಏಜೆಂಟ್ ತಾನೇ ಬಂದು ನಿಂತಿದ್ದ. ‘ಎಂಟು ಸಾವಿರ ಐಸಿ ಕೊಡಿ’ ಅಂದ. ನೇಪಾಳದಲ್ಲಿ ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದ್ದು. ನಮ್ಮ 100 ರೂಪಾಯಿಗೆ ಅಲ್ಲಿ 160, 1993ರಿಂದ ಇದೇ ಲೆಕ್ಕ. ಎಂಟು ಸಾವಿರ ಎನ್‌ಸಿ ಅಂದರೆ ನಮ್ಮ ಐದು ಸಾವಿರ. ಇವನು ಕೇಳುತ್ತಿದ್ದದ್ದು ಅದಕ್ಕಿಂತ ಮೂರು ಸಾವಿರ ಹೆಚ್ಚು. ಅದಕ್ಕೇ ಚೀಟಿಯಲ್ಲಿ ಬರೀ ಅಂಕಿ ಬರೆದದ್ದು. ಕೂಗಾಡಿದ, ಗೈಡ್‌ನನ್ನು ಸಾಕ್ಷಿಗೆ ಕರೆದ, ಅತ್ತೆ ಮಾವನ ಎದುರೇ ದನಿ ಏರಿಸಿದ. ಹೋಟೆಲ್ ನೋಡಿಕೊಳ್ಳುವ ದೀದಿ ಹೊರಗೆ ಬಂದು, ಕಾರಿನ ಕೆಂಪು ಪ್ಲೇಟ್ ನೋಡಿ, ಟೂರಿಸ್ಟ್ ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂದ ಮೇಲೆಯೇ ದನಿ ಇಳಿದದ್ದು. ಎಂಟು ಸಾವಿರ ಎನ್‌ಸಿ ಕೊಟ್ಟು ಕಳಿಸಿದೆವು. ನೋಡಿದ್ದಕ್ಕೆ ಅದೂ ಹೆಚ್ಚೇ.

ಮುಕ್ತಿನಾಥ ದರ್ಶನ ಮುಗಿಸಿ ಬಂದ ಮೇಲೆ ಅದೇ ದೀದಿ ಹೇಳಿದ ಟ್ಯಾಕ್ಸಿಯವನ ಜೊತೆ ನಾವೇ ಹೋದೆವು. ಕಪ್ಪು ಪ್ಲೇಟ್, ಗೈಡ್ ಇಲ್ಲ. ಕತ್ತಲಿರುವಾಗಲೇ ಹೊರಟು ಸಾರಂಗಕೋಟ್. ಮಚ್ಛಪುಛ್ರೆಯ ತುದಿ ಮೊದಲು ಕೆಂಪಾಗಿ, ಆಮೇಲೆ ಬಂಗಾರದ ಬಣ್ಣ ಕೆಳಕ್ಕೆ ಇಳಿಯುವುದನ್ನು ಅತ್ತೆ ಕೈ ಮುಗಿದು ನೋಡಿದರು. ಇಳಿಯುವ ದಾರಿಯಲ್ಲಿ ಬಿಂಧ್ಯವಾಸಿನಿ. ಡೇವಿಸ್ ಫಾಲ್ಸ್ ಮತ್ತು ಗುಪ್ತೇಶ್ವರ ರಸ್ತೆಯ ಆಚೀಚೆಯೇ ಇವೆ, ಒಟ್ಟಿಗೇ ಆಗುತ್ತವೆ. ಮಳೆಗಾಲದಲ್ಲಿ ಫಾಲ್ಸ್ ಭೋರ್ಗರೆಯುತ್ತದೆ, ಆದರೆ ಆಗ ಗುಹೆಯ ಕೆಳಭಾಗಕ್ಕೆ ನೀರು ನುಗ್ಗುವುದರಿಂದ ಅಲ್ಲಿಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಹೋದವರಿಗೆ ಫಾಲ್ಸ್‌ನಲ್ಲಿ ಸಣ್ಣ ಎಳೆಯಷ್ಟೇ ನೀರು. ಶಾಂತಿ ಸ್ತೂಪಕ್ಕೆ ಕಾರು ನಿಲ್ಲಿಸಿದ ಮೇಲೂ ಮೆಟ್ಟಿಲು ಹತ್ತಬೇಕು, ಮಂಡಿ ನೋವಿನವರು ಯೋಚಿಸಿ. ಶನಿವಾರ ನೇಪಾಳದ ವಾರದ ರಜೆ, ದೋಣಿಗೂ ದೇವಸ್ಥಾನಕ್ಕೂ ದೊಡ್ಡ ಸಾಲು ಇರುತ್ತದೆ. ಬೇರೆ ದಿನ ಇಟ್ಟುಕೊಳ್ಳಿ.

ಗೈಡ್ ಬೇಕೇ ಬೇಕು ಅನ್ನುವವರು ಹಿಂದಿನ ದಿನವೇ ಆ ಮನುಷ್ಯನನ್ನು ಕಣ್ಣಾರೆ ನೋಡಿ, ಕಾರ್ಡ್ ತೋರಿಸಿ ಅಂತ ಕೇಳಿ. ನಿಜವಾದ ಗೈಡ್‌ಗೆ ಬೇಜಾರಾಗುವುದಿಲ್ಲ. ಚೀಟಿಯಲ್ಲಿ ಮೊತ್ತದ ಮುಂದೆ ಎನ್‌ಸಿ ಅಂತ ಬರೆಸಿ, ಟಿಕೆಟ್, ಊಟ, ದೋಣಿ ಯಾವುದು ಸೇರಿದೆ ಅಂತ ಒಂದೊಂದಾಗಿ ಬರೆಸಿ, ಅಂಗಡಿಗೆ ಹೋಗುವುದಿಲ್ಲ ಅಂತಲೂ ಅದೇ ಚೀಟಿಯಲ್ಲಿ ಸೇರಿಸಿ. ಬೆಳಿಗ್ಗೆ ಕಾರು ಹತ್ತುವ ಮೊದಲು ಪ್ಲೇಟಿನ ಫೋಟೋ ತೆಗೆದು ಹೋಟೆಲಿನವರಿಗೆ ಕಳಿಸಿಬಿಡಿ. ಭಾರತದ ದೊಡ್ಡ ನೋಟುಗಳ ವಿಷಯದಲ್ಲಿ ಅಲ್ಲಿನ ನಿಯಮ 2018ರಿಂದ ಬಿಗಿಯಾಗಿತ್ತು, ಹೊರಡುವ ವಾರ ಈಗಿನ ನಿಯಮ ವಿಚಾರಿಸಿಕೊಂಡು, ನೇಪಾಳಿ ರೂಪಾಯಿ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿ. ಪೂರ್ತಿ ದುಡ್ಡನ್ನು ಮುಂಗಡ ಕೇಳುವವರ ಅಂಗಡಿಯಿಂದ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದು ಇರುತ್ತದೆ.