ಒಂದೇ ಪಾತ್ರೆಯ ಚೀಸ್ ಕೈಮಾ ಪಾಸ್ತಾ: ಬಾಣಲೆಯೋ ಕುಕ್ಕರೋ, ಮಟನ್ನೋ ಚಿಕನ್ನೋ?

ಈ ಮಳೆಗಾಲದಲ್ಲಿ ನಮ್ಮನೆಯಲ್ಲಿ ಆರು ಸಲ ಕೈಮಾ ಪಾಸ್ತಾ ಆಯಿತು. ಶುರುವಾಗಿದ್ದು ಮಗಳು ಕೇಳಿದಳು ಅಂತ. ಆಮೇಲೆ ಸರಿಯಾಗಿ ಬರುವವರೆಗೆ ಬಿಡಬಾರದು ಅಂತ ನನಗೇ ಹಟ ಹಿಡಿಯಿತು. ಅತ್ತೆಯವರು ತೀರ್ಥಹಳ್ಳಿ ಕಡೆಯ ಮನೆಯಿಂದ ಬಂದು ಮಳೆ ಮುಗಿಯುವವರೆಗೆ ಶಿವಮೊಗ್ಗದಲ್ಲಿ ನಮ್ಮ ಜೊತೆಗೇ ಇದ್ದರು. ಹಾಗಾಗಿ ಊಟಕ್ಕೆ ಐದು ಜನ. ಹೊರಗೆ ಜಡಿಮಳೆ ಹೊಯ್ಯುವಾಗ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಿಸಿಬಿಸಿಯಾಗಿ ಬಡಿಸಿದರೆ ಅದರ ಖುಷಿಯೇ ಬೇರೆ, ಅಲ್ವಾ? ತೊಳೆಯುವ ಪಾತ್ರೆಯೂ ಕಡಿಮೆ.

ಮೂಲದಲ್ಲಿ ಇದು ಅಮೆರಿಕದ ಮನೆಗಳ ಅಡುಗೆ. ಅಲ್ಲಿ 1971ರಲ್ಲಿ ಹ್ಯಾಂಬರ್ಗರ್ ಹೆಲ್ಪರ್ ಅಂತ ಒಂದು ಪೊಟ್ಟಣ ದೇಶವೆಲ್ಲ ಮಾರಾಟಕ್ಕೆ ಬಂತು. ಒಳಗೆ ಒಣ ಪಾಸ್ತಾ ಮತ್ತು ಮಸಾಲೆ ಪುಡಿ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ದನದ ಕೈಮಾ ಹುರಿದು, ಪೊಟ್ಟಣ ಸುರಿದು, ನೀರು ಹಾಕಿ ಕುದಿಸಿದರೆ ಇಡೀ ಮನೆಗೆ ಊಟ. ಆಗ ಅಲ್ಲಿ ಮಾಂಸದ ಬೆಲೆ ಏರಿತ್ತು. ಇದ್ದ ಮಾಂಸವನ್ನೇ ಎಲ್ಲರಿಗೂ ಸಾಲುವ ಹಾಗೆ ಮಾಡುವ ದಾರಿ ಅದು. ಪೊಟ್ಟಣ ಇಲ್ಲದೆ, ಟೊಮೆಟೊ ಮತ್ತು ಚೆಡ್ಡರ್ ಚೀಸ್ ಹಾಕಿ ಮಾಡುವುದೂ ಅಲ್ಲಿ ಮಾಮೂಲು.

ನಮ್ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ. ಸರಿ, ಅದರ ಬದಲು ಮಟನ್ ಕೈಮಾ ಹಾಕಿದರಾಯ್ತು ಅಂದುಕೊಂಡೆ. ತಪ್ಪಿದ್ದು ಇಲ್ಲೇ.

ಮೊದಲ ಸಲ ಅಲ್ಲಿನ ಅಳತೆ, ಅಲ್ಲಿನ ಸಮಯವನ್ನೇ ಇಟ್ಟುಕೊಂಡು ದಪ್ಪ ತಳದ ಬಾಣಲೆಯಲ್ಲಿ ಮಾಡಿದೆ. ಕೈಮಾ ಹತ್ತು ನಿಮಿಷ ಹುರಿದೆ, ಪಾಸ್ತಾ ಮತ್ತು ನೀರು ಹಾಕಿ ಹನ್ನೆರಡು ನಿಮಿಷ ಬೇಯಿಸಿದೆ. ಪಾಸ್ತಾ ಹದವಾಗಿತ್ತು. ಕೈಮಾ ಮಾತ್ರ ರಬ್ಬರ್. ಇನ್ನೊಂದು ಕಾಲು ಗಂಟೆ ಕುದಿಸಿದೆ. ಈಗ ಕೈಮಾ ಅರೆಬರೆ ಬೆಂದಿತ್ತು, ಪಾಸ್ತಾ ಗಂಜಿಯಾಗಿತ್ತು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಎಂತ ಮಾರಾಯ್ತಿ, ಮಾಂಸಕ್ಕೆ ಅವಸರ ಮಾಡಿದ್ಯಲ್ಲ" ಅಂದರು. ಅವರ ಆ ಒಂದು ಮಾತಿನಲ್ಲೇ ಇಡೀ ಸಮಸ್ಯೆ ಇತ್ತು.

ಅಮೆರಿಕದ ಕೈಮಾ ಮೆಷಿನ್‌ನಲ್ಲಿ ನುಣ್ಣಗೆ ಅರೆದದ್ದು. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬಿರುವುದು ಸಾಮಾನ್ಯ. ಅದು ಹತ್ತೇ ನಿಮಿಷಕ್ಕೆ ಬೇಯುತ್ತದೆ, ಒಣಗುವುದೂ ಇಲ್ಲ. ನಮ್ಮ ಮಟನ್ ಅಂಗಡಿಯಲ್ಲಿ ಮರದ ದಿಮ್ಮಿಯ ಮೇಲೆ ಕತ್ತಿಯಿಂದ ಕೊಚ್ಚಿ ಕೊಡುತ್ತಾರೆ. ಚೂರುಗಳು ದಪ್ಪ, ನಡುವೆ ನಾರು, ಕೊಬ್ಬು ಕಡಿಮೆ. ಇದು ಮೆತ್ತಗಾಗಲು ಬಾಣಲೆಯಲ್ಲಿ ಅರ್ಧ ಗಂಟೆಗೂ ಜಾಸ್ತಿ ಬೇಕು. ಪಾಸ್ತಾಗೆ ಸಾಕಾಗುವುದು ಹತ್ತು ಹನ್ನೆರಡು ನಿಮಿಷ. ಎರಡನ್ನೂ ಒಟ್ಟಿಗೆ ಒಂದೇ ಪಾತ್ರೆಗೆ ಹಾಕಿದರೆ ಯಾವುದಾದರೂ ಒಂದು ಕೆಡಲೇಬೇಕು.

ಎರಡನೇ ಸಲ ಚಿಕನ್ ಕೈಮಾ ತಂದೆ. ಬಾಣಲೆ ಅದೇ. ಸಮಯದ ಲೆಕ್ಕ ಚೆನ್ನಾಗಿ ಕೂಡಿ ಬಂತು. ಏಳೆಂಟು ನಿಮಿಷ ಹುರಿಯುವುದು, ಪಾಸ್ತಾ ಜೊತೆಗೆ ಮತ್ತೆ ಹನ್ನೆರಡು ನಿಮಿಷ. ಈರುಳ್ಳಿ ಹೆಚ್ಚುವುದರಿಂದ ಬಡಿಸುವವರೆಗೆ ಮೂವತ್ತೈದು ನಿಮಿಷಕ್ಕೆ ಎಲ್ಲ ಮುಗಿಯಿತು. ನಮ್ಮ ಕಡೆ ಮಟನ್‌ಗೆ ಕೊಡುವ ದುಡ್ಡಿನ ಮೂರನೇ ಒಂದು ಪಾಲಿಗೆ ಚಿಕನ್ ಸಿಗುತ್ತದೆ, ಅದೂ ಒಂದು ಅನುಕೂಲ. ಆದರೆ ರುಚಿ ಸಪ್ಪೆ. ಚಿಕನ್ನಿನಿಂದ ಎಣ್ಣೆ ಬಿಡುವುದಿಲ್ಲ, ನೀರು ಬಿಡುತ್ತದೆ. ಸಾಸ್‌ಗೆ ಮಾಂಸದ ರುಚಿಯೇ ಇಳಿದಿರಲಿಲ್ಲ, ಬರೀ ಟೊಮೆಟೊ ಮತ್ತು ಚೀಸಿನ ರುಚಿ. ಮನೆಯ ಕಾಳುಮೆಣಸು ಒಂದು ಚಮಚ ಕುಟ್ಟಿ ಹಾಕಿದ ಮೇಲೆ ಸ್ವಲ್ಪ ಎದ್ದಿತು. ಮಗಳಿಗೆ ಇದೇ ಇಷ್ಟವಾಯಿತು. ಮಗ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮೂರನೇ ಸಲ ಮಟನ್, ಈರುಳ್ಳಿ, ಟೊಮೆಟೊ, ಪಾಸ್ತಾ, ನೀರು ಎಲ್ಲವನ್ನೂ ಕುಕ್ಕರ್‌ಗೆ ಹಾಕಿ ಮುಚ್ಚಿಬಿಟ್ಟೆ. ಇದನ್ನು ಯಾರೂ ಮಾಡಬೇಡಿ. ಪಾಸ್ತಾದ ಗಂಜಿ ನೊರೆ ಬಂದು ಸೀಟಿಯ ಬಾಯಿಂದ ಉಕ್ಕಿತು. ನೊರೆ ಅಲ್ಲಿ ಕಟ್ಟಿಕೊಂಡರೆ ಅಪಾಯ, ತಕ್ಷಣ ಒಲೆ ಆರಿಸಿದೆ. ಆವಿ ಇಳಿಯುವಷ್ಟರಲ್ಲಿ ಒಳಗಿನ ಬಿಸಿಗೇ ಪಾಸ್ತಾ ಕರಗಿ ಮುದ್ದೆಯಾಗಿತ್ತು.

ನಾಲ್ಕನೇ ಸಲ ದಾರಿ ಸಿಕ್ಕಿತು. ಪಾತ್ರೆ ಅದೇ ಐದು ಲೀಟರ್ ಸ್ಟೀಲ್ ಕುಕ್ಕರ್, ಆದರೆ ಕೆಲಸ ಎರಡು ಹಂತದಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅರ್ಧ ಕೆಜಿ ಮಟನ್ ಕೈಮಾ. ಅಂಗಡಿಯವರಿಗೆ ಸ್ವಲ್ಪ ಕೊಬ್ಬು ಸೇರಿಸಿ ಇನ್ನೂ ಸಣ್ಣಗೆ ಕೊಚ್ಚಿ ಅಂತ ಹೇಳಿದ್ದೆ. ಎರಡು ಚಮಚ ಎಣ್ಣೆ ಕಾಯಿಸಿ, ಕೈಮಾ ಹಾಕಿ, ಕೈಯಾಡಿಸದೆ ಸುಮ್ನೆ ಬಿಟ್ಟೆ. ಮೊದಲು ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ, ಕೊತಕೊತ ಕುದಿಯುತ್ತದೆ. ಇಲ್ಲಿಗೇ ಹುರಿದಾಯ್ತು ಅಂದುಕೊಳ್ಳಬಾರದು. ಐದಾರು ನಿಮಿಷ ಕಾದರೆ ನೀರೆಲ್ಲ ಇಂಗಿ ಸದ್ದು ಬದಲಾಗುತ್ತದೆ. ಕೊತಕೊತ ಹೋಗಿ ಚಟಪಟ ಶುರುವಾಗುತ್ತದೆ. ಆಗಲೇ ಕೈಮಾ ತಳಕ್ಕೆ ಹಿಡಿದು ಕಂದು ಬಣ್ಣ ಬರುವುದು, ಮನೆ ತುಂಬ ಘಮ ಹರಡುವುದು. ಸಾಸ್‌ಗೆ ಬೇಕಾದ ರುಚಿಯೆಲ್ಲ ತಳಕ್ಕೆ ಹಿಡಿದ ಆ ಕಂದು ಪದರದಲ್ಲೇ ಇದೆ. ಅದರ ಮೇಲೆ ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಹಾಕಿದೆ. ಆಮೇಲೆ ನಾಲ್ಕು ಟೊಮೆಟೊ, ಉಪ್ಪು, ಖಾರದ ಪುಡಿ, ಕಾಳುಮೆಣಸು. ಟೊಮೆಟೊ ರಸ ಬಿಟ್ಟಾಗ ತಳವನ್ನು ಸೌಟಿನಿಂದ ಚೆನ್ನಾಗಿ ಕೆರೆದು ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಕುಕ್ಕರ್ ತಳ ಹತ್ತುತ್ತದೆ. ಅರ್ಧ ಲೋಟ ನೀರು ಹಾಕಿ, ಮುಚ್ಚಿ, ನಾಲ್ಕು ಸೀಟಿ.

ಆವಿ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆದು ಮುಕ್ಕಾಲು ಲೀಟರ್ ಕುದಿಯುವ ನೀರು, 300 ಗ್ರಾಂ ಪಾಸ್ತಾ ಹಾಕಿದೆ. ತಣ್ಣೀರು ಹಾಕಿದರೆ ಕುದಿ ನಿಂತುಹೋಗಿ ಪಾಸ್ತಾ ತೇಲದೆ ಅಂಟಿಕೊಳ್ಳುತ್ತದೆ. ಇನ್ನು ಮುಚ್ಚಳವನ್ನು ಬಿಗಿ ಮಾಡುವ ಹಾಗಿಲ್ಲ, ಮೇಲೆ ಒಂದು ತಟ್ಟೆ ಮುಚ್ಚಿದರೆ ಸಾಕು. ಎರಡು ನಿಮಿಷಕ್ಕೊಮ್ಮೆ ಕೈಯಾಡಿಸಿ. ಹನ್ನೊಂದು ನಿಮಿಷಕ್ಕೆ ಪಾಸ್ತಾ ಬೆಂದು, ಅದರ ಗಂಜಿಯಿಂದಲೇ ಸಾಸ್ ಮಂದವಾಗಿತ್ತು. ಒಟ್ಟು ಒಂದು ಗಂಟೆ ಹಿಡಿಯಿತು. ಆದರೆ ಅದರಲ್ಲಿ ಇಪ್ಪತ್ತು ನಿಮಿಷ ಕುಕ್ಕರ್ ತಾನೇ ಕೆಲಸ ಮಾಡುತ್ತಿತ್ತು, ನಾನು ಮಗಳ ಹೋಂವರ್ಕ್ ನೋಡುತ್ತಿದ್ದೆ. ಊಟದ ಹೊತ್ತಿಗೆ ಮಗ ಪಾತ್ರೆಯ ತಳ ಕೆರೆದ.

ಪಾಸ್ತಾ ವಿಷಯ ಬೇಗ ಹೇಳಿಬಿಡುತ್ತೇನೆ. ಡುರಮ್ ಗೋಧಿಯದು ಅಂತ ಪ್ಯಾಕೆಟ್ ಮೇಲೆ ಬರೆದಿರುವುದನ್ನೇ ತನ್ನಿ. ಒಂದು ಸಲ ಅಗ್ಗಕ್ಕೆ ಸಿಕ್ಕಿತು ಅಂತ ಸಾಮಾನ್ಯ ರವೆಯ ಪಾಸ್ತಾ ತಂದಿದ್ದೆ, ಎಂಟೇ ನಿಮಿಷಕ್ಕೆ ಬಾಯಿ ಬಿಟ್ಟಿತು. ನೀರನ್ನು ಬಸಿಯದೆ ಮಾಡುವ ಅಡುಗೆ ಇದು, ಗಟ್ಟಿ ಪಾಸ್ತಾ ಬೇಕೇ ಬೇಕು. ಪಾಸ್ತಾವನ್ನು ಬೇರೆ ಬೇಯಿಸಿ ಬಸಿದು ಬೆರೆಸುವುದನ್ನೂ ಒಮ್ಮೆ ಮಾಡಿ ನೋಡಿದೆ. ಪಾಸ್ತಾ ಬಿಡಿಬಿಡಿಯಾಗಿ ಚೆನ್ನಾಗಿತ್ತು, ಆದರೆ ಸಾಸ್ ಅದಕ್ಕೆ ಹಿಡಿಯದೆ ಕೆಳಗೆ ಇಳಿದಿತ್ತು. ಗಂಜಿ ನೀರನ್ನೆಲ್ಲ ಚೆಲ್ಲಿದ ಮೇಲೆ ಇನ್ನೇನು?

ಇನ್ನು ಚೀಸ್. ಇದಕ್ಕೇ ಒಂದು ಸಂಜೆ ಮೀಸಲಿಟ್ಟೆ. ಬೆಂದ ಕೈಮಾ ಪಾಸ್ತಾವನ್ನು ಮೂರು ಸ್ಟೀಲ್ ಬೋಗುಣಿಗೆ ಸಮನಾಗಿ ಹಾಕಿ, ಒಂದಕ್ಕೆ ಅಮುಲ್ ಪ್ರೊಸೆಸ್ಡ್ ಚೀಸ್, ಒಂದಕ್ಕೆ ಮೊಝರೆಲ್ಲಾ, ಇನ್ನೊಂದಕ್ಕೆ ಚೆಡ್ಡರ್ ತುರಿದು ಬೆರೆಸಿದೆ. ಮೂರಕ್ಕೂ ಒಂದೇ ತೂಕ.

ಮೊಝರೆಲ್ಲಾ ನೋಡಲು ಚಂದ. ಎತ್ತಿದರೆ ಉದ್ದ ಎಳೆ ಬರುತ್ತದೆ, ಮಕ್ಕಳು ಕುಣಿದಾಡಿದರು. ಆದರೆ ಸಾಸ್‌ನಲ್ಲಿ ಬೆರೆಯಲೇ ಇಲ್ಲ. ಹಲಸಿನ ಮೇಣದ ಹಾಗೆ ಸೌಟಿಗೆ ಸುತ್ತಿಕೊಂಡು ಉಂಡೆ ಕಟ್ಟಿತು. ಹತ್ತು ನಿಮಿಷ ತಣಿದ ಮೇಲೆ ಮೇಲೊಂದು ಚಪ್ಪಟೆ ಹಾಳೆಯಾಗಿತ್ತು. ಅದು ಪಿಜ್ಜಾ ಮೇಲೆ ಹಾಕುವ ಚೀಸ್, ಅಲ್ಲಿಗೇ ಸರಿ.

ಚೆಡ್ಡರ್ ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಸ್ವಲ್ಪ ಹುಳಿ, ಸ್ವಲ್ಪ ಖಾರ, ಮಟನ್ ಜೊತೆ ಹೇಳಿ ಮಾಡಿಸಿದ ಹಾಗೆ. ಆದರೆ ಕುದಿ ಬಿಸಿಗೆ ಬಿದ್ದರೆ ಅದರ ಪ್ರೋಟೀನ್ ಗಂಟಾಗುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಬೋಗುಣಿಯ ಅಂಚಿಗೆ ಹಳದಿ ಎಣ್ಣೆಯ ಉಂಗುರ ನಿಂತಿತ್ತು. ನಾಲಿಗೆಗೆ ಸಣ್ಣ ತರಿ ಸಿಗುತ್ತಿತ್ತು.

ಪ್ರೊಸೆಸ್ಡ್ ಚೀಸ್‌ನಲ್ಲಿ ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳಿರುತ್ತವೆ. ಹಾಗಾಗಿ ಅದು ಒಡೆಯುವುದಿಲ್ಲ. ಹತ್ತು ನಿಮಿಷವಾದರೂ ಸಾಸ್ ರೇಷ್ಮೆಯಂತೆ ನುಣುಪಾಗಿತ್ತು. ರುಚಿ ಮಾತ್ರ ಬರೀ ಉಪ್ಪು ಮತ್ತು ಬೆಣ್ಣೆ.

ಈಗ ನಾನು 100 ಗ್ರಾಂ ಪ್ರೊಸೆಸ್ಡ್, 50 ಗ್ರಾಂ ಚೆಡ್ಡರ್ ಸೇರಿಸಿ ಹಾಕುತ್ತೇನೆ. ಮೊದಲನೆಯದು ಎರಡನೆಯದನ್ನೂ ಒಡೆಯಲು ಬಿಡುವುದಿಲ್ಲ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಹಿಡಿ ಹಿಡಿಯಾಗಿ ಉದುರಿಸುತ್ತಾ ಕಲಸಬೇಕು. ಚೀಸ್‌ನಲ್ಲೇ ಉಪ್ಪಿರುತ್ತದೆ, ಮೊದಲು ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿ. ಅರ್ಧ ಲೋಟ ಹಾಲು ಹಾಕುವುದಾದರೂ ಪಾಸ್ತಾ ಬೆಂದು ಸಾಸ್ ಮಂದವಾದ ಮೇಲೆಯೇ, ಸಣ್ಣ ಉರಿಯಲ್ಲಿ. ಟೊಮೆಟೊ ಕುದಿಯುವಾಗ ಸುರಿದರೆ ಒಡೆಯುತ್ತದೆ, ನನಗೆ ಒಮ್ಮೆ ಹಾಗೇ ಆಯಿತು.

ಹಾಗಾದರೆ ಯಾವುದು? ವಾರದ ದಿನ, ಕೆಲಸದಿಂದ ಬಂದು ಏಳು ಗಂಟೆಗೆ ಒಲೆ ಹಚ್ಚುವವರಿಗೆ ಚಿಕನ್ ಮತ್ತು ಬಾಣಲೆ. ಆಗ ಕಾಳುಮೆಣಸು, ಬೆಳ್ಳುಳ್ಳಿ ಜಾಸ್ತಿ ಇರಲಿ, ಒಂದು ಚಮಚ ಬೆಣ್ಣೆಯೂ ಬೀಳಲಿ. ಭಾನುವಾರ ಆದರೆ ನಾನು ಎರಡು ಮಾತಿಲ್ಲದೆ ಮಟನ್ ಮತ್ತು ಕುಕ್ಕರ್ ಹಿಡಿಯುತ್ತೇನೆ. ದುಡ್ಡು ಜಾಸ್ತಿ, ಹೊತ್ತು ಜಾಸ್ತಿ, ಆದರೂ ಈ ಅಡುಗೆಗೆ ತೂಕ ಬರುವುದು ಮಟನ್ನಿನಿಂದಲೇ. ಕುಕ್ಕರ್ ಹಂತಕ್ಕೆ ಇನ್ನೊಂದು ಲಾಭವೂ ಇದೆ. ಪಾಸ್ತಾ ಹಾಕುವ ಮೊದಲೇ ಅತ್ತೆ ಎರಡು ಸೌಟು ಕೈಮಾ ತಮ್ಮ ಬಟ್ಟಲಿಗೆ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಅದು ಕಡುಬಿನ ಜೊತೆ ಬೇಕು. ಚೀಸ್ ಅವರಿಗೆ ಸೇರುವುದಿಲ್ಲ.

ಉಳಿದದ್ದರಲ್ಲೂ ವ್ಯತ್ಯಾಸ ಇದೆ. ಚಿಕನ್ನಿನದು ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನಕ್ಕೆ ಒಣಗಿ ಹುಡಿಹುಡಿ ಆಗುತ್ತದೆ. ಮಟನ್ನಿನದು ಗಟ್ಟಿಯಾಗುತ್ತದೆ ಅಷ್ಟೇ, ಮಸಾಲೆ ಒಳಗೆ ಇಳಿದು ಇನ್ನೂ ಚೆನ್ನಾಗಿರುತ್ತದೆ. ಬೆಳಿಗ್ಗೆ ನಾಲ್ಕು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಾಸ್ ಮತ್ತೆ ಸಡಿಲವಾಗುತ್ತದೆ. ಮಗನ ಡಬ್ಬಿಗೆ ಅದನ್ನೇ ಹಾಕುತ್ತೇನೆ.