ಆರ್‌ಟಿಎಕ್ಸ್ 3060, ಆರ್‌ಎಕ್ಸ್ 6600: ದಾವಣಗೆರೆಯ ಬಿಸಿಲಲ್ಲಿ ಮೂರು ಬೇಸಿಗೆ ಓಡಿಸಿದ ಮೇಲೆ

ಏಪ್ರಿಲ್ ಮಧ್ಯಾಹ್ನ ತಾರಸಿ ಕಾದು ರೂಮಿನೊಳಗೇ 36 ಡಿಗ್ರಿ ಇರುವಾಗ ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ದುಡಿಸುವುದೆಂದರೆ ಪಕ್ಕದಲ್ಲಿ ಸಣ್ಣ ಹೀಟರ್ ಹಚ್ಚಿಟ್ಟುಕೊಂಡ ಹಾಗೆ. ಅದು ಎಳೆಯುವ 170 ವ್ಯಾಟ್ ಅಷ್ಟೂ ಬಿಸಿಯಾಗಿಯೇ ಹೊರಬರುತ್ತದೆ. ಎಎಂಡಿಯ ಆರ್‌ಎಕ್ಸ್ 6600 ಎಳೆಯುವುದು 132. ಈ 38 ವ್ಯಾಟ್ ಅಂತರ ಬೆಂಗಳೂರಿನವರಿಗೆ ಲೆಕ್ಕಕ್ಕೆ ಬರಲಿಕ್ಕಿಲ್ಲ. ಇಲ್ಲಿ, ಎಸಿ ಇಲ್ಲದ ಹತ್ತಕ್ಕೆ ಹತ್ತರ ರೂಮಿನಲ್ಲಿ, ಎರಡು ತಾಸು ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಆಗಿ ತೆಗೆಯುವ ಕೆಲಸ) ಹಾಕಿದರೆ ಮೈಗೇ ಗೊತ್ತಾಗುತ್ತದೆ. ಲಗ್ನದ ಹಂಗಾಮು, ಅಂದರೆ ಎಡಿಟಿಂಗ್ ಕೆಲಸ ರಾಶಿ ಬೀಳುವ ಕಾಲ, ಬರುವುದೂ ಇದೇ ಬಿಸಿಲಿನಲ್ಲಿ.

ಎರಡೂ 2021ರಲ್ಲಿ ಬಂದ ಕಾರ್ಡುಗಳು, ಘೋಷಿತ ಬೆಲೆಯೂ ಒಂದೇ, 329 ಡಾಲರ್. ಮೆಮೊರಿ 3060ಗೆ 12 ಜಿಬಿ, 6600ಕ್ಕೆ 8 ಜಿಬಿ. ಆಟದ ಮಟ್ಟಿಗೆ 1080ಪಿಯಲ್ಲಿ ಹೆಚ್ಚುಕಡಿಮೆ ಸಮಬಲ. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಮೂಡಿಸುವ ವಿಧಾನ) ಹಚ್ಚಿದರೆ 3060 ಮುಂದೆ. ಅಷ್ಟು ಸಾಕು.

ಖರೀದಿಗೆ ಮೊದಲು ಯುಪಿಎಸ್ ನೋಡಿ. ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ 600 ವಿಎ, ಕೊಡುವುದು 360 ವ್ಯಾಟ್. ರೈಜೆನ್ 5600 ಪ್ರೊಸೆಸರ್‌ಗೆ 76, ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ 45, ಕಾರ್ಡಿಗೆ 170: ಮೊತ್ತ 291. ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ, 85 ಪ್ರತಿಶತ ದಕ್ಷತೆಯದ್ದಾದರೆ ಗೋಡೆಯಿಂದ ಎಳೆಯುವುದು 342. ಮಾನಿಟರಿನ 25 ಸೇರಿಸಿದರೆ 367. ಆಟವೂ ರೆಂಡರೂ ಜೋರಾಗಿರುವಾಗ ಕರೆಂಟ್ ಹೋದರೆ ಯುಪಿಎಸ್ ಕುಯ್ಯೋ ಅಂದು ಕೈಬಿಡುತ್ತದೆ, ಸೇವ್ ಮಾಡದ ಕೆಲಸ ಹೋಯಿತು. ಅದೇ ಲೆಕ್ಕದಲ್ಲಿ 6600 ಇದ್ದರೆ ಸುಮಾರು 323, ತಡೆದುಕೊಳ್ಳುತ್ತದೆ. ಬ್ಯಾಟರಿ ಎರಡು ವರ್ಷ ಹಳೆಯದಾಗಿದ್ದರೆ ಈ ಲೆಕ್ಕವನ್ನೂ ನಂಬಬೇಡಿ.

ಒಂದು ಎಚ್ಚರಿಕೆ: ಸಾಫ್ಟ್‌ವೇರ್ ತೋರಿಸುವ ವ್ಯಾಟ್ ನೋಡಿ ಎರಡನ್ನೂ ಅಳೆಯಬೇಡಿ. 6600 ತೋರಿಸುವ 100ರ ಆಸುಪಾಸಿನ ಅಂಕಿ ಚಿಪ್ಪಿನದ್ದು ಮಾತ್ರ, ಮೆಮೊರಿ, ಫ್ಯಾನ್ ಅದರಲ್ಲಿ ಸೇರಿಲ್ಲ. 3060 ತೋರಿಸುವುದು ಇಡೀ ಕಾರ್ಡಿನದ್ದು.

ಇಲ್ಲಿಯವರೆಗೆ ಓದಿದವರಿಗೆ 6600 ಕೊಳ್ಳುವುದೇ ಸರಿ ಅನ್ನಿಸಬಹುದು. ಮೊದಲ ಬೇಸಿಗೆ ಮುಗಿದಾಗ ನನ್ನ ತೀರ್ಮಾನವೂ ಅದೇ. ಅದನ್ನು ಬದಲಿಸಿದ್ದು ಆಫ್ಟರ್‌ಬರ್ನರ್ ಎಂಬ, ಕಾರ್ಡಿನ ವೇಗ, ವಿದ್ಯುತ್ ಹೊಂದಿಸುವ ಸಾಫ್ಟ್‌ವೇರ್‌ನ ಒಂದು ಗೀಟು. ಪವರ್ ಲಿಮಿಟ್ ಅನ್ನು 100ರಿಂದ 75ಕ್ಕೆ ಎಳೆದರೆ 3060 ತೆಗೆದುಕೊಳ್ಳುವುದು 127 ವ್ಯಾಟ್, 6600ಕ್ಕಿಂತಲೂ ಕಡಿಮೆ. ರೆಂಡರಿನಲ್ಲಿ ವ್ಯತ್ಯಾಸ ಹುಡುಕಬೇಕು, ಆಟದಲ್ಲಿ ಕೆಲವು ಫ್ರೇಮ್ ಹೋಗುತ್ತವೆ. ಇಷ್ಟು ಸುಲಭದ ಮದ್ದನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಹೋದ ಫ್ರೇಮುಗಳೂ ಬೇಕೆಂದರೆ ವೋಲ್ಟೇಜ್ ಇಳಿಸಿ. ಮೊದಲು ಕೋರ್ ಕ್ಲಾಕ್ ಅನ್ನು 250 ಮೆಗಾಹರ್ಟ್ಸ್ ಕೆಳಗಿಳಿಸಿ ಅಪ್ಲೈ ಮಾಡಿ. ಕಂಟ್ರೋಲ್ ಜೊತೆ ಎಫ್ ಒತ್ತಿದರೆ ವೋಲ್ಟೇಜಿನ ಗೆರೆ ತೆರೆಯುತ್ತದೆ. 850 ಮಿಲಿವೋಲ್ಟ್ ಚುಕ್ಕೆಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ ಮತ್ತೆ ಅಪ್ಲೈ ಕೊಟ್ಟರೆ ಅದರ ಬಲಕ್ಕಿರುವುದೆಲ್ಲ ಸಮತಟ್ಟಾಗುತ್ತದೆ. ಒಂದು ತಾಸು ಭಾರದ ಆಟ ಓಡಿಸಿ. ಪರದೆ ಕಪ್ಪಾದರೆ, ಆಟ ತಾನೇ ಮುಚ್ಚಿಕೊಂಡರೆ, 875ಕ್ಕೆ ಏರಿಸಿ. ಪರೀಕ್ಷೆ ಮಧ್ಯಾಹ್ನವೇ ಮಾಡಬೇಕು, ಬೆಳಗಿನ ತಂಪಿನಲ್ಲಿ ಪಾಸಾದದ್ದು ಮೂರು ಗಂಟೆಗೆ ಬೀಳುವುದುಂಟು. ವಾರವಿಡೀ ಸರಿಯಿದ್ದ ಮೇಲಷ್ಟೇ ವಿಂಡೋಸ್ ಜೊತೆ ತಾನಾಗಿ ಹಚ್ಚಿಕೊಳ್ಳುವ ಗುಂಡಿ ಒತ್ತಿ.

6600ದಲ್ಲಿ ಪವರ್ ಲಿಮಿಟ್ ಇಷ್ಟು ಕೆಳಗೆ ಇಳಿಯುವುದಿಲ್ಲ. ಎಎಂಡಿಯದೇ ಸಾಫ್ಟ್‌ವೇರ್ ಆದ ಅಡ್ರೆನಲಿನ್‌ನ ಟ್ಯೂನಿಂಗ್‌ನಲ್ಲಿ ವೋಲ್ಟೇಜನ್ನು 1150 ಮಿಲಿವೋಲ್ಟ್‌ನಿಂದ ಇಪ್ಪತ್ತಿಪ್ಪತ್ತರಂತೆ ಇಳಿಸಿ 1080ರ ಹತ್ತಿರ ತರಬಹುದು. ಬೇಸರದ ಸಂಗತಿ ಎಂದರೆ ಕರೆಂಟ್ ಹೋಗಿ ಕಂಪ್ಯೂಟರ್ ಥಟ್ಟನೆ ಆರಿದರೆ, ಮುಂದಿನ ಸಲ ಆ ಹೊಂದಾಣಿಕೆಯೆಲ್ಲ ಅಳಿಸಿ ಮೂಲಸ್ಥಿತಿಗೆ ಹೋಗಿರಬಹುದು. ಪ್ರೊಫೈಲ್ ಸೇವ್ ಮಾಡಿಟ್ಟುಕೊಂಡು ಮತ್ತೆ ಲೋಡ್ ಮಾಡಿ.

ಮದುವೆ ವಿಡಿಯೋ ಕೆಲಸಕ್ಕಾಗಿ ಕಾರ್ಡ್ ಹುಡುಕುವವರು ಇದನ್ನು ನಿಧಾನವಾಗಿ ಓದಿ. ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫೈಲನ್ನು ಇವೆರಡೂ ಹಾರ್ಡ್‌ವೇರ್‌ನಲ್ಲಿ ಬಿಡಿಸಲಾರವು. ಟೈಮ್‌ಲೈನ್ ತಡವರಿಸುವುದು ಅದಕ್ಕೇ. ಯಾವುದನ್ನು ಕೊಂಡರೂ ಪ್ರಾಕ್ಸಿ (ಎಡಿಟಿಂಗಿಗೆಂದು ಮಾಡಿಕೊಳ್ಳುವ ಹಗುರ ನಕಲು) ಮಾಡಿಕೊಳ್ಳಲೇಬೇಕು, ಇಲ್ಲವೇ 11ನೇ ಪೀಳಿಗೆ ಅಥವಾ ಆಮೇಲಿನ, ಒಳಗೇ ಗ್ರಾಫಿಕ್ಸ್ ಇರುವ ಇಂಟೆಲ್ ಪ್ರೊಸೆಸರ್ ಬೇಕು. 12 ಜಿಬಿ ಕೆಲಸಕ್ಕೆ ಬರುವುದು 4ಕೆ ಟೈಮ್‌ಲೈನಿಗೆ ನಾಯ್ಸ್ ರಿಡಕ್ಷನ್, ಕಲರ್ ಪದರ ಹೇರಿದಾಗ. 8 ಜಿಬಿ ತುಂಬಿದರೆ ಉಳಿದದ್ದು ಮದರ್‌ಬೋರ್ಡ್ ದಾರಿಯಲ್ಲಿ ಓಡಾಡಬೇಕು. 6600ಕ್ಕೆ ಆ ದಾರಿ ಎಂಟೇ ಲೇನ್. ಬಿ450ಯಂಥ, ಆ ದಾರಿಯ ಹಳೆಯ ಆವೃತ್ತಿಯಾದ ಪಿಸಿಐಇ 3.0 ಇರುವ ಬೋರ್ಡಿನಲ್ಲಿ ಅದು ಇನ್ನೂ ಅರ್ಧ ವೇಗಕ್ಕೆ ಬೀಳುತ್ತದೆ. 3060ಗೆ 16 ಲೇನ್.

ಇನ್ನು ಧೂಳು. ಮೆಕ್ಕೆಜೋಳದ ಸುಗ್ಗಿಯಲ್ಲಿ ರವದಿಯ ಪುಡಿ, ಮಂಡಕ್ಕಿ ಭಟ್ಟಿಗಳ ಕಡೆ ಮಸಿ, ಚಿತ್ರದುರ್ಗದಲ್ಲಿ ಆಷಾಢದ ಗಾಳಿಯ ಮಣ್ಣು, ಎಲ್ಲಕ್ಕೂ ಒಂದೇ ಉಪಚಾರ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ. ಕ್ಯಾಬಿನೆಟ್ಟನ್ನು ಅಂಗಳಕ್ಕೆ ತನ್ನಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಬ್ಲೋವರ್ ಊದಬೇಕು. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಹೀಟ್‌ಸಿಂಕಿನ ಅಂಚಿಗೆ ಕಂಬಳಿಯಂತೆ ಕಟ್ಟಿದ ಪದರಕ್ಕೆ ಒಂದಿಂಚಿನ ಒಣ ಪೇಂಟ್ ಬ್ರಷ್. ಮುಂದಿನ ಜಾಲರಿಗೆ ಸೊಳ್ಳೆಪರದೆಯ ನೈಲಾನ್ ಬಟ್ಟೆ ಕತ್ತರಿಸಿ ಹಚ್ಚಿದರೆ ಅರ್ಧ ಕೆಲಸ ಉಳಿಯಿತು. ಅದನ್ನು ಮಾತ್ರ ವಾರಕ್ಕೊಮ್ಮೆ ಕೊಡವಿ, ತೊಳೆದರೆ ಪೂರ್ತಿ ಒಣಗಿಸಿ.

ಬೇಸಿಗೆಯಲ್ಲಿ ಎರಡೂ ಕಾರ್ಡಿನ ಫ್ಯಾನುಗಳು ಸುಮ್ಮನಿದ್ದಾಗಲೂ ನಿಂತು ಶುರುವಾಗಿ ನಿಂತು ಕಿರಿಕಿರಿ ಮಾಡುತ್ತವೆ. 30 ಪ್ರತಿಶತಕ್ಕೆ ಸದಾ ತಿರುಗುವಂತೆ ಮಾಡಿ, ಸದ್ದು ಸೀಲಿಂಗ್ ಫ್ಯಾನಿನಡಿ ಕೇಳುವುದೇ ಇಲ್ಲ.

ಬರೀ ಆಟ, ಹಳೆಯ 450 ವ್ಯಾಟ್ ಎಸ್‌ಎಂಪಿಎಸ್, 600 ವಿಎ ಯುಪಿಎಸ್ ಇದ್ದವರು 6600 ಹಾಕಿ ನಿಶ್ಚಿಂತೆಯಾಗಿರಿ. ಎಡಿಟಿಂಗ್, ಬ್ಲೆಂಡರ್‌ನಂಥ 3ಡಿ ಕೆಲಸ ಇದ್ದರೆ 3060, ಆದರೆ 75ಕ್ಕೆ ಇಳಿಸಿಯೇ. ಸೆಕೆಂಡ್ ಹ್ಯಾಂಡ್ ತರುವುದಾದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು 12288 ಎಂಬಿ, 192 ಬಿಟ್ ಇದೆಯೇ ನೋಡಿ. ಇದೇ ಹೆಸರಿನಲ್ಲಿ 8 ಜಿಬಿ, 128 ಬಿಟ್‌ನ ನಿಧಾನದ ಕಾರ್ಡೂ ಇದೆ. ಹದಿನೈದು ನಿಮಿಷ ಓಡಿಸಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯ ಜಾಗ) ಮತ್ತು ಜಿಪಿಯು ತಾಪದ ಅಂತರ 25 ಡಿಗ್ರಿ ದಾಟಿದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದೆ ಎಂದು ಲೆಕ್ಕ. ಹೊಸ ಪೇಸ್ಟ್ ಹಾಕಲು ಬಿಚ್ಚುವಾಗ ಮೆಮೊರಿ ಮೇಲಿನ ಪ್ಯಾಡ್ ಹರಿಯದಂತೆ ನೋಡಿಕೊಳ್ಳಿ. ಹರಿದರೆ ಅಷ್ಟೇ ದಪ್ಪದ್ದನ್ನೇ ತಂದು ಹಾಕಬೇಕು, ದಪ್ಪದಾದರೆ ಹೀಟ್‌ಸಿಂಕ್ ಚಿಪ್ಪಿಗೆ ಕೂರುವುದಿಲ್ಲ.