ಎಂಜೈಮ್ ಟೆಸ್ಟ್ ಅಂತ ದುಡ್ಡು ತಗೊಂಡು ಬ್ಯುರೆಟ್ ಹಿಡಿದ ಲ್ಯಾಬ್

ಮಜ್ಜಿಗೆ, ಮೊಸರು, ಇಡ್ಲಿ ಹಿಟ್ಟು ಪ್ಯಾಕ್ ಮಾಡಿ ಮಾರುವವರು ದಯವಿಟ್ಟು ಪೂರ್ತಿ ಓದಿ. ಲ್ಯಾಕ್ಟಿಕ್ ಆಮ್ಲವನ್ನು ಎಂಜೈಮ್ ವಿಧಾನದಲ್ಲಿ, ಅದರ ಎಲ್ ಮತ್ತು ಡಿ ಅನ್ನೋ ಎರಡು ರೂಪ (ಒಂದು ಇನ್ನೊಂದರ ಕನ್ನಡಿ ಬಿಂಬದಂತೆ) ಬೇರೆ ಬೇರೆ ಅಳೆದು ಕೊಡುತ್ತೇವೆ ಅಂತ ಒಂದು ಖಾಸಗಿ ಲ್ಯಾಬ್ ನನ್ನಿಂದ ಎರಡು ಸ್ಯಾಂಪಲ್‌ಗೆ 6,400 ರೂಪಾಯಿ ತಗೊಂಡಿತು. ಕೊಟ್ಟಿದ್ದು ಟೈಟ್ರೇಶನ್ ಲೆಕ್ಕ, ಅಂದರೆ ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಹನಿಸಿ ಒಟ್ಟು ಹುಳಿ ಅಳೆಯುವುದು. ಬರೀ ಟೈಟ್ರೇಶನ್!

ಎರಡೂ ಬಾಟಲಿ ಒಂದೇ ಕ್ಯಾನಿನ ಮಜ್ಜಿಗೆ, ಐಸ್‌ನಲ್ಲಿಟ್ಟು ಒಟ್ಟಿಗೇ ಕೊಟ್ಟಿದ್ದು. ಒಂದಕ್ಕೆ ಮಾತ್ರ ಲೀಟರಿಗೆ 20 ಎಂಎಲ್ ನಿಂಬೆರಸ. ರಿಪೋರ್ಟ್: ಸಾದಾ ಮಜ್ಜಿಗೆ 0.54%, ನಿಂಬೆಯದ್ದು 0.69%. ನೋಡಿದ ಕೂಡಲೇ ಮೈ ಉರಿಯಿತು. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಈ ಟೆಸ್ಟಿನ ಎಂಜೈಮ್ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಅದನ್ನು ಮುಟ್ಟುವುದೇ ಇಲ್ಲ. ರಸ ಸೇರಿ ತೆಳುವಾದ ಮೇಲೆ ಅಂಕಿ ಒಂಚೂರು ಇಳಿಯಬೇಕಿತ್ತು, ಏರಿದೆ! ಕಾಸ್ಟಿಕ್ ಸೋಡಾಗೆ ಮಾತ್ರ ಎಲ್ಲ ಹುಳಿಯೂ ಒಂದೇ.

ಆ ಎಲ್–ಡಿ ಕಾಲಂ ನೋಡಿ. 0.27, 0.27. ಇನ್ನೊಂದು 0.35, 0.34. ಅರ್ಧರ್ಧ ಮಾಡಿ ಬರೆದಿದ್ದಾರೆ! ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಎಲ್ ಕೊಡುತ್ತೆ, ಬಲ್ಗೇರಿಕಸ್ ಡಿ ಕೊಡುತ್ತೆ, ಇಡ್ಲಿ ಹಿಟ್ಟಿನ ಲ್ಯೂಕೋನಾಸ್ಟಾಕ್ ಡಿ ಕೊಡುತ್ತೆ. ಆ ಪಾಲು ತಿಳಿಯಲೆಂದೇ ತಾನೇ ಇಷ್ಟು ದುಡ್ಡು ಕೊಡುವುದು?

ಕೇಳಿದ್ದಕ್ಕೆ ಮೊದಲ ಉತ್ತರ: "ಮ್ಯಾಟ್ರಿಕ್ಸ್ ವ್ಯತ್ಯಾಸ ಮೇಡಂ, ಸ್ವಲ್ಪ ಆಚೆ ಈಚೆ ಆಗುತ್ತೆ." ಎಂಜೈಮ್ ಕ್ರಿಯೆಯನ್ನು ಅಳೆಯುವ 340 ನ್ಯಾನೋಮೀಟರ್ ಬೆಳಕಿನ ರೀಡಿಂಗ್ ಕಳಿಸಿ ಅಂದರೆ, "ರಾ ಡೇಟಾ ಕೊಡೋ ಪಾಲಿಸಿ ಇಲ್ಲ." ಬಿಡದೆ ಕೇಳಿದ ಮೇಲೆ ವರ್ಕ್‌ಶೀಟಿನ ಫೋಟೋ ಬಂತು. 10 ಗ್ರಾಂ ಸ್ಯಾಂಪಲ್, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ತಲೀನ್ 3 ಹನಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 6.0 ಎಂಎಲ್, 7.7 ಎಂಎಲ್. ಎರಡನ್ನೂ 0.09ರಿಂದ ಗುಣಿಸಿ: 0.54, 0.69. ಅಷ್ಟೇ ಅವರ ಎಂಜೈಮ್! ಅದಕ್ಕೂ ಉತ್ತರ ಸಿದ್ಧವಿತ್ತು: "ಆಮ್ಲ ಅಂದ್ರೆ ಆಮ್ಲಾನೇ ಅಲ್ವಾ ಮೇಡಂ."

ಅಲ್ಲ. ನಿಜವಾಗಿ ಮಾಡುವವರು ಮೊದಲು ಕಾರೆಜ್ ದ್ರಾವಣ ಹಾಕಿ ಪ್ರೋಟೀನು, ಕೊಬ್ಬು ಕೂರಿಸಿ ಸೋಸುತ್ತಾರೆ. ಇಷ್ಟು ಹುಳಿ ಇರುವ ಮಜ್ಜಿಗೆಯನ್ನು ಸುಮಾರು 50 ಪಟ್ಟು ತೆಳು ಮಾಡಲೇಬೇಕು, ಇಲ್ಲದಿದ್ದರೆ ರೀಡಿಂಗ್ ಮಿತಿ ಮೀರುತ್ತೆ. ರೀಡಿಂಗ್ ತೆಗೆಯುವ ಪುಟ್ಟ ಪಾತ್ರೆ ಕ್ಯುವೆಟ್ಟಿಗೆ ಪಿಎಚ್ 10ರ ಬಫರ್, ಎನ್‌ಎಡಿ (ಕ್ರಿಯೆ ನಡೆದಂತೆ ಬದಲಾಗಿ ರೀಡಿಂಗ್ ಏರಿಸುವುದು ಇದೇ), ಗ್ಲುಟಮೇಟ್, ಜಿಪಿಟಿ ಎಂಜೈಮ್, 0.1 ಎಂಎಲ್ ಸ್ಯಾಂಪಲ್ ಹಾಕಿ ಮೊದಲ ರೀಡಿಂಗ್. ಜಿಪಿಟಿ ಬಿಟ್ಟರೆ ಲ್ಯಾಕ್ಟಿಕ್ ಆಮ್ಲದಿಂದ ಆಗುವ ಪೈರುವೇಟ್ ತೆರವಾಗದೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತೆ, ಅಂಕಿ ಕಡಿಮೆ ಬರುತ್ತೆ. ಆಮೇಲೆ ಎಲ್-ಎಂಜೈಮ್, ರೀಡಿಂಗ್ ಏರಿ ನಿಂತ ಮೇಲೆ ಎರಡನೆಯದು. ಡಿ-ಎಂಜೈಮ್ ಹಾಕಿ ಮೂರನೆಯದು. ಪಕ್ಕದಲ್ಲಿ ಸ್ಯಾಂಪಲ್ ಇಲ್ಲದ ಬ್ಲ್ಯಾಂಕ್ ಇರಲೇಬೇಕು. ಪಿಪೆಟ್ ಟಿಪ್ಪಿಗೆ ಬೆರಳು ತಾಗಿದರೂ ಬೆವರಿನ ಎಲ್-ಲ್ಯಾಕ್ಟಿಕ್ ಸೇರಿ ಅಂಕಿ ಕೆಡುತ್ತೆ. ಅಷ್ಟು ನಾಜೂಕಿನ ಕೆಲಸ ಇದು.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ: ಮೂರೂ ರೀಡಿಂಗ್, ಬ್ಲ್ಯಾಂಕ್, ಎಷ್ಟು ಪಟ್ಟು ತೆಳು ಮಾಡಿದರು, ಕಿಟ್‌ನ ಲಾಟ್ ನಂಬರ್, ಸ್ಟ್ಯಾಂಡರ್ಡ್‌ಗೆ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಕ್ಕೆ) ಬಂದ ಅಂಕಿ. "ಪಾಲಿಸಿ ಇಲ್ಲ" ಅಂದರೆ ಬಾಟಲಿ ವಾಪಸ್ ತನ್ನಿ. ನಂಬಿಕೆ ಬರದಿದ್ದರೆ ಇದೇ ನಿಂಬೆ ಪರೀಕ್ಷೆ ಮಾಡಿ, ಲ್ಯಾಬಿಗೆ ಹೇಳಬೇಡಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಿನ್ನೆ ಬಂದ ಮೆಸೇಜ್: "ಬೇಕಾದ್ರೆ ಎಂಜೈಮ್ ಅನ್ನೋ ಪದ ತೆಗೆದು ಹೊಸ ರಿಪೋರ್ಟ್ ಕಳಿಸ್ತೀವಿ ಮೇಡಂ."